ಗಾಡಿ ತಯಾರಾಗಲಿ, ಕಾಗದ ತಾನಾಗಿ ಬರುತ್ತದೆ

ತಮ್ಮಾ, ನೀನು ಕೊಂಡಿರುವ ಹಳೆಯ ಕಾರಿನ ಎಮಿಷನ್ ಸರ್ಟಿಫಿಕೇಟಿನ, ಅಂದರೆ ಪಿಯುಸಿಯ ಅವಧಿ ಮುಗಿಯುತ್ತ ಬಂದಿದೆ, ‘ಏನೇನು ಮಾಡಿಸಬೇಕು ಕಾಕಾ’ ಎಂದು ಕೇಳಿದ್ದೀ. ಕೇಳಿದ್ದೇ ನನಗೆ ಸಂತೋಷ. ನಮ್ಮ ಸಿಂದಗಿ ಕಡೆ ಈ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ರಸ್ತೆಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದಾಗ ತೋರಿಸಲಿಕ್ಕೆ ಒಂದು ಕಾಗದ ಇದ್ದರಾಯಿತು ಎಂದುಕೊಂಡಿರುತ್ತಾರೆ. ನಾನು ಹೇಳುವುದು ಇಷ್ಟೇ: ತಪಾಸಣೆಗೆ ಎಂಟು ದಿನ ಮೊದಲೇ ಬಾನೆಟ್ ಎತ್ತು. ಎಂಜಿನ್ ಚೆನ್ನಾಗಿದ್ದರೆ ಕಾಗದಕ್ಕಾಗಿ ಯಾರ ಮುಂದೆಯೂ ಹಲ್ಲು ಗಿಂಜಬೇಕಾಗಿಲ್ಲ. ಈ ಊರಿನ ಧೂಳು, ಬಿಸಿಲು, ಸವಳು ನೀರುಗಳ ನಡುವೆ ಗಾಡಿ ನೋಡಿಕೊಂಡು ಬಂದವನಾಗಿ ನನಗೆ ತಿಳಿದದ್ದನ್ನು ಒಂದೊಂದಾಗಿ ಹೇಳುತ್ತೇನೆ, ಕಿವಿಗೊಟ್ಟು ಕೇಳು.

ಮೊದಲು ಕಾಯ್ದೆ ತಿಳಿದುಕೊ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೆಯದು ಹೊಗೆಗೆ ಸಂಬಂಧಿಸಿದ್ದು. ಹೊಸ ಗಾಡಿಗೆ ನೋಂದಣಿಯಾದ ಮೊದಲ ಒಂದು ವರ್ಷ ಈ ಸರ್ಟಿಫಿಕೇಟ್ ಬೇಡ. ಆಮೇಲೆ ಬೇಕೇ ಬೇಕು. ಭಾರತ್ ಸ್ಟೇಜ್ ಮಟ್ಟದಲ್ಲಿ ಬಿಎಸ್-4, ಬಿಎಸ್-6 ಆಗಿರುವ ಗಾಡಿಗಳಿಗೆ ಒಮ್ಮೆ ಮಾಡಿಸಿದರೆ 12 ತಿಂಗಳು ನಡೆಯುತ್ತದೆ, ಅದಕ್ಕಿಂತ ಹಳೆಯವಕ್ಕೆ 6 ತಿಂಗಳು ಮಾತ್ರ. ಬಿಎಸ್-4 ದೇಶಕ್ಕೆಲ್ಲ ಕಡ್ಡಾಯವಾದದ್ದು 2017ರ ಏಪ್ರಿಲ್ 1ರಂದು, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ರಂದು. 2017ಕ್ಕೆ ಮೊದಲಿನ ಗಾಡಿ ಬಿಎಸ್-4 ಆಗಿರಬಹುದು, ಅದಕ್ಕಿಂತ ಹಳೆಯದೂ ಆಗಿರಬಹುದು; ಅಂದಾಜಿನ ಮೇಲೆ ಹೋಗಬೇಡ, ಆರ್‌ಸಿ ನೋಡು. 2019ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನ ಕೆಳಗೆ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಸಜೆ, 3 ತಿಂಗಳು ಲೈಸೆನ್ಸ್ ರದ್ದು, ಇಷ್ಟಕ್ಕೂ ಅವಕಾಶವಿದೆ. ಸ್ಥಳದಲ್ಲಿ ಕಟ್ಟಿಸಿಕೊಳ್ಳುವ ದಂಡ ರಾಜ್ಯದ ಅಧಿಸೂಚನೆಯಂತೆ ಕಡಿಮೆ ಇರಬಹುದು, ಆದರೆ ಅದನ್ನು ನೆಚ್ಚಿ ಕೂರಬೇಡ.

ಇನ್ನೊಂದು ಮಾತು ನಿನ್ನ ಗೆಳೆಯರ ಬಾಯಲ್ಲಿ ಬರಬಹುದು: ‘ಈಗ ಇನ್ಶೂರೆನ್ಸಿಗೆ ಪಿಯುಸಿ ಕೇಳುವುದಿಲ್ಲ, ಬಿಡು.’ ಪಿಯುಸಿ ಇಲ್ಲದೆ ವಿಮೆ ನವೀಕರಿಸಬಾರದು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹಾಕಿದ್ದ ಷರತ್ತನ್ನು 2024ರ ಜುಲೈನಲ್ಲಿ ಅದೇ ಕೋರ್ಟು ತೆಗೆದದ್ದು ನಿಜ. ತೆಗೆದದ್ದು ವಿಮೆಯ ಗಂಟನ್ನು ಮಾತ್ರ. ಗಾಡಿ ರಸ್ತೆಗಿಳಿದರೆ ಸರ್ಟಿಫಿಕೇಟ್ ಇರಬೇಕು ಎಂಬ ನಿಯಮ ಇದ್ದಲ್ಲೇ ಇದೆ. 15 ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಣಕ್ಕೆ ವಿಜಯಪುರದ ಆರ್‌ಟಿಒ ಕಚೇರಿಗೆ ಹೋದಾಗ ಈ ಸರ್ಟಿಫಿಕೇಟಿನ ಬೆಲೆ ತಿಳಿಯುತ್ತದೆ.

ನಿನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಆರ್‌ಸಿ ನಿನ್ನ ಹೆಸರಿಗೆ ವರ್ಗವಾಗಿದೆಯೇ, ಸರ್ಕಾರದ ‘ವಾಹನ್’ ದಾಖಲೆಯಲ್ಲಿ ನಿನ್ನದೇ ಮೊಬೈಲ್ ನಂಬರ್ ಇದೆಯೇ ಎಂದು ಮೊದಲು ನೋಡಿಕೊ. 2021ರಿಂದ ದೇಶಕ್ಕೆಲ್ಲ ಒಂದೇ ನಮೂನೆಯ ಪಿಯುಸಿ ಬಂದಿದೆ. ಅದರಲ್ಲಿ ಕ್ಯೂಆರ್ ಕೋಡ್ ಇರುತ್ತದೆ, ಮಾಲೀಕನ ಮೊಬೈಲ್ ನಂಬರ್ ಕೊಡಲೇಬೇಕು. ಹಳೆಯ ಮಾಲೀಕನ ನಂಬರೇ ಉಳಿದಿದ್ದರೆ ಸಂದೇಶ ಅವನಿಗೆ ಹೋಗುತ್ತದೆ, ನೀನು ಕೇಂದ್ರದ ಮುಂದೆ ನಿಂತು ಅವನಿಗೆ ಫೋನು ಹಚ್ಚಬೇಕಾಗುತ್ತದೆ. ನಂಬರ್ ಪ್ಲೇಟಿನ ಮೇಲಿನ ಕೆಸರನ್ನೂ ಒರೆಸಿಕೊಂಡು ಹೋಗು. ಅಲ್ಲಿ ಪ್ಲೇಟಿನ ಫೋಟೋ ತೆಗೆಯುತ್ತಾರೆ.

ಈಗ ಮಷೀನು ಏನು ನೋಡುತ್ತದೆ ಕೇಳು. ಪೆಟ್ರೋಲ್ ಗಾಡಿಯ ಸೈಲೆನ್ಸರಿನೊಳಗೆ ಒಂದು ಕೊಳವೆ ಇಳಿಸಿ, ಎಂಜಿನ್ ಸುಮ್ಮನೆ ಐಡಲ್‌ನಲ್ಲಿ ಓಡುವಾಗ ಎರಡು ಅನಿಲಗಳನ್ನು ಅಳೆಯುತ್ತಾರೆ. ಒಂದು ಕಾರ್ಬನ್ ಮೊನಾಕ್ಸೈಡ್, ಇನ್ನೊಂದು ಹೈಡ್ರೋಕಾರ್ಬನ್. ಬಿಎಸ್-2, ಬಿಎಸ್-3 ಕಾರುಗಳಿಗೆ ಮೊದಲನೆಯದು ಶೇಕಡಾ 0.5, ಎರಡನೆಯದು 750 ಪಿಪಿಎಂ ದಾಟಬಾರದು. ಬಿಎಸ್-4 ಕಾರಿಗೆ ಮಿತಿ ಇನ್ನೂ ಬಿಗಿ: ಶೇಕಡಾ 0.3 ಮತ್ತು 200 ಪಿಪಿಎಂ. ಅದೂ ಸಾಲದೆಂದು ಎಂಜಿನ್ ವೇಗವನ್ನು ನಿಮಿಷಕ್ಕೆ 2500 ಸುತ್ತಿನ ಆಸುಪಾಸಿಗೆ ಏರಿಸಿ ಮತ್ತೊಮ್ಮೆ ನೋಡುತ್ತಾರೆ. ಆಗ ಮೊನಾಕ್ಸೈಡ್ ಶೇಕಡಾ 0.2ರೊಳಗೆ ಇರಬೇಕು, ಗಾಳಿ ಮತ್ತು ಇಂಧನದ ಹೊಂದಾಣಿಕೆ ತೋರಿಸುವ ಲ್ಯಾಂಬ್ಡಾ ಅಂಕಿ 0.97ರಿಂದ 1.03ರ ನಡುವೆ ಇರಬೇಕು. ಡೀಸೆಲ್ ಗಾಡಿಯದು ಬೇರೆ ಪರೀಕ್ಷೆ. ಎಕ್ಸಲರೇಟರನ್ನು ಒಮ್ಮೆಲೆ ಪೂರ್ತಿ ಒತ್ತಿ, ಬಿಟ್ಟು, ಹೀಗೆ ಹಲವು ಸಲ ಮಾಡಿ ಹೊಗೆ ಎಷ್ಟು ದಟ್ಟವಿದೆ ಎಂದು ಬೆಳಕು ಹಾಯಿಸಿ ಅಳೆಯುತ್ತಾರೆ. ಹಳೆಯವಕ್ಕೆ 65 ಹಾರ್ಟ್‌ರಿಜ್, ಬಿಎಸ್-4ಕ್ಕೆ 50 ಮಿತಿ.

ಈ ಅಂಕಿಗಳು ಪಾಸು, ಫೇಲು ಎನ್ನುವುದಕ್ಕಷ್ಟೇ ಇಲ್ಲ. ವೈದ್ಯರು ರಕ್ತ ತಪಾಸಣೆಯ ಚೀಟಿ ಓದುವಂತೆ ನೀನು ಇವನ್ನು ಓದಲು ಕಲಿಯಬೇಕು. ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಹೋಗುತ್ತಿದೆ ಎಂದರ್ಥ. ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆ ಹಾಗೇ ಹೊರಬೀಳುತ್ತಿದೆ. ಪ್ಲಗ್, ಕಾಯಿಲ್, ವಾಲ್ವ್, ಕಂಪ್ರೆಷನ್ ಇವುಗಳಲ್ಲೊಂದು ಸರಿಯಿಲ್ಲ. ಹಳೆಯ ಸರ್ಟಿಫಿಕೇಟುಗಳನ್ನು ಎಸೆಯಬೇಡ, ಒಂದು ಫೈಲಿನಲ್ಲಿ ಇಟ್ಟುಕೊ. ಪ್ರತಿ ಸಲವೂ ಪಾಸಾಗಿ, ಅಂಕಿ ಮಾತ್ರ ಸ್ವಲ್ಪ ಸ್ವಲ್ಪ ಮೇಲೇರುತ್ತಿದ್ದರೆ ಎಂಜಿನ್ ಸವೆಯುತ್ತಿದೆ ಎಂದು ತಿಳಿ. ದೊಡ್ಡ ಖರ್ಚು ಬರುವ ಮೊದಲೇ ಸಣ್ಣ ಖರ್ಚಿನಲ್ಲಿ ಮುಗಿಸಿಕೊಳ್ಳಬಹುದು.

ಇನ್ನು ತಯಾರಿ. ನಮ್ಮ ಕಡೆ ಮೊದಲ ಶತ್ರು ಧೂಳು. ಎರಿ ಭೂಮಿಯ ಮಣ್ಣು ಮಳೆಗಾಲದಲ್ಲಿ ಗಾಲಿಗೆ ಮೆತ್ತುತ್ತದೆ, ಒಣಗಿದ ಮೇಲೆ ಹಿಟ್ಟಿನಂತೆ ಹಾರುತ್ತದೆ. ತೊಗರಿ ರಾಶಿ, ಜೋಳದ ರಾಶಿ ನಡೆಯುವ ದಿನಗಳಲ್ಲಿ ಮಷೀನಿನ ಹೊಟ್ಟು, ಹತ್ತಿ ಗಾಡಿಗಳಿಂದ ಹಾರುವ ಎಳೆ, ಎಲ್ಲವೂ ಏರ್ ಫಿಲ್ಟರಿಗೇ ಬಂದು ಕೂರುತ್ತವೆ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಡಾಂಬರು ರಸ್ತೆಯ ಊರಿನದು. ಧೂಳಿನ ಊರಿಗೆ ಬೇಗ ಬದಲಿಸು ಎಂದು ಅದೇ ಪುಸ್ತಕದ ಕೆಳಗಿನ ಸಾಲಿನಲ್ಲಿ ಬರೆದಿರುತ್ತದೆ, ಓದು. ಫಿಲ್ಟರ್ ಡಬ್ಬಿಯ ಕ್ಲಿಪ್ಪು ಬಿಚ್ಚಿ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡು. ಬೆಳಕು ಹಾಯದಿದ್ದರೆ ಹೊಸದು ಹಾಕು. ಸ್ವಲ್ಪ ಧೂಳಿದ್ದರೆ ಕಂಪ್ರೆಸರ್ ಗಾಳಿಯನ್ನು ಒಳಗಿನಿಂದ ಹೊರಗೆ ಹೊಡೆಸು. ಹೊರಗಿನಿಂದ ಹೊಡೆದರೆ ಧೂಳು ಇನ್ನೂ ಒಳಗೆ ನಾಟುತ್ತದೆ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬಾರದು. ನಿನ್ನ ಕಾಕಿಯ ಮನೆಯವರ ಹಳೆಯ ಜೀಪು, ಹೊಲದ ಟ್ರ್ಯಾಕ್ಟರುಗಳಲ್ಲಿ ಆಯಿಲ್ ಬಾತ್ ಫಿಲ್ಟರ್ ಇರುತ್ತದೆ. ಅದರ ಬಟ್ಟಲಿನಲ್ಲಿ ಕೆಸರಾದ ಆಯಿಲ್ ಚೆಲ್ಲಿ ಹೊಸದು ತುಂಬಬೇಕು.

ಡಬ್ಬಿ ತೆಗೆದಾಗ ಇನ್ನೊಂದು ನೋಡು. ಕಾಳಿನ ಚೀಲಗಳ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಮನೆಗಳಲ್ಲಿ ಇಲಿ ಆ ಡಬ್ಬಿಯಲ್ಲೇ ಗೂಡು ಕಟ್ಟಿರುತ್ತದೆ. ಅರಿವೆ ಚಿಂದಿ, ತೊಗರಿ ಹೊಟ್ಟು, ಸೆಣಬಿನ ನಾರು ತಂದು ತುಂಬಿರುತ್ತದೆ. ಗಾಳಿ ಹೋಗುವ ದಾರಿ ಅರ್ಧ ಮುಚ್ಚಿದ ಮೇಲೆ ಎಂಜಿನ್ ಹೇಗೆ ಉಸಿರಾಡೀತು? ಸೆನ್ಸರಿನ ವೈರುಗಳನ್ನೂ ಅದು ಕಡಿಯುತ್ತದೆ. ಚೆಕ್ ಎಂಜಿನ್ ದೀಪ ಹತ್ತಿಕೊಂಡೇ ಇದ್ದರೆ ಅದಕ್ಕೆ ಟೇಪು ಅಂಟಿಸಿ ಮುಚ್ಚುವ ಮಂದಿ ಇದ್ದಾರೆ. ನೀನು ಹಾಗೆ ಮಾಡಬೇಡ. ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ ಕೋಡ್ ಓದಿಸು. ದೀಪ ಹತ್ತಿದ್ದಾಗ ಎಷ್ಟೋ ಸಲ ಕೆಟ್ಟದ್ದು ಆಕ್ಸಿಜನ್ ಸೆನ್ಸರ್ ಆಗಿರುತ್ತದೆ. ಅದು ಸುಳ್ಳು ಹೇಳಿದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ನಮ್ಮ ಬಿಸಿಲಿನ ನಾಡಿನ ಒಂದು ಕೆಟ್ಟ ರೂಢಿಯ ಬಗ್ಗೆ ಒತ್ತಿ ಹೇಳುತ್ತೇನೆ. ಗಾಡಿ ಹೀಟ್ ಆಗುತ್ತದೆ ಎಂದು ಹೋದರೆ ಎಷ್ಟೋ ಮೇಸ್ತ್ರಿಗಳು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಹಾಕುತ್ತಾರೆ. ‘ಇಲ್ಲಿಯ ಬಿಸಿಲಿಗೆ ಇದು ಬೇಡ’ ಎನ್ನುತ್ತಾರೆ. ಆ ವಾಲ್ವ್ ಎಂಜಿನ್ ಬೇಗ ಬಿಸಿಯಾಗಲೆಂದು, ಆಮೇಲೆ ಅದೇ ಹದದಲ್ಲಿ ಉಳಿಯಲೆಂದು ಇರುವುದು. ಅದನ್ನು ತೆಗೆದರೆ ನೀರು ಸದಾ ರೇಡಿಯೇಟರಿಗೆ ಓಡಿ ಎಂಜಿನ್ ತಣ್ಣಗೇ ಇರುತ್ತದೆ. ಕಂಪ್ಯೂಟರಿಗೆ ಅದು ಈಗಷ್ಟೇ ಚಾಲೂ ಆದ ಗಾಡಿಯೆಂದು ಅನಿಸಿ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೊನಾಕ್ಸೈಡ್ ಏರುತ್ತದೆ, ಮೈಲೇಜ್ ಬೀಳುತ್ತದೆ, ಎಂಜಿನ್ ಆಯಿಲಿನಲ್ಲಿ ಪೆಟ್ರೋಲ್ ಬೆರೆತು ಬೋರ್ ಸವೆಯುತ್ತದೆ. ನಿನ್ನ ಕಾರಿನ ಟೆಂಪರೇಚರ್ ಮುಳ್ಳು ಹತ್ತು ಕಿಲೋಮೀಟರ್ ಓಡಿಸಿದ ಮೇಲೂ ಕೆಳಗೇ ಇದ್ದರೆ ವಾಲ್ವ್ ಇಲ್ಲವೆಂದು ಅನುಮಾನಪಡು, ಹೊಸದನ್ನು ಹಾಕಿಸು. ಹೀಟ್ ಆಗುವುದಕ್ಕೆ ನಿಜವಾದ ಕಾರಣ ಬಹಳ ಸಲ ನಮ್ಮ ಬೋರಿನ ಸವಳು ನೀರು. ಅದನ್ನು ತುಂಬಿ ತುಂಬಿ ರೇಡಿಯೇಟರಿನ ನಳಿಕೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಫ್ಲಶ್ ಮಾಡಿಸಿ ಕೂಲಂಟ್ ಹಾಕಿಸು. ವಾಲ್ವಿನ ಮೇಲೆ ಸಿಟ್ಟು ಮಾಡಬೇಡ.

ಪ್ಲಗ್ಗುಗಳನ್ನು ಬಿಚ್ಚಿಸಿ ನೀನೇ ಕಣ್ಣಿಂದ ನೋಡು. ತುದಿ ತಿಳಿಗಂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಎಣ್ಣೆ ಜಿಡ್ಡು ಕಂಡರೆ ರಿಂಗು ಅಥವಾ ವಾಲ್ವ್ ಸೀಲ್ ಸವೆದಿದೆ. ಬೆಳಿಗ್ಗೆ ಚಾಲೂ ಮಾಡಿದಾಗ ನೀಲಿ ಹೊಗೆ ಬರುವುದೂ ಅದಕ್ಕೇ. ಬಿಳಿ ಹೊಗೆ ನಿಲ್ಲದೆ ಬಂದು ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸು. ಎಂಜಿನ್ ಆಯಿಲ್ ಹಳೆಯದಾಗಿದ್ದರೆ ತಪಾಸಣೆಗೆ ಮುಂಚೆಯೇ ಬದಲಿಸು. ಕೊಳೆತ ಆಯಿಲಿನಿಂದೇಳುವ ಆವಿ ಮತ್ತೆ ಎಂಜಿನ್ನಿನೊಳಗೇ ಹೋಗಿ ಅಂಕಿ ಏರಿಸುತ್ತದೆ. ಸೈಲೆನ್ಸರಿನಲ್ಲಿ ತೂತು ಬಿದ್ದಿದ್ದರೆ ಬೆಸುಗೆ ಹಾಕಿಸು. ಹೊರಗಿನ ಗಾಳಿ ಒಳಗೆ ಸೇರಿ ಲ್ಯಾಂಬ್ಡಾ ತಪ್ಪು ತೋರಿಸುತ್ತದೆ, ಗಾಡಿ ಕಾರಣವಿಲ್ಲದೆ ಫೇಲಾಗುತ್ತದೆ. ಶಬ್ದ ಜೋರು ಬರಲೆಂದು ಕೆಟಲಿಟಿಕ್ ಕನ್ವರ್ಟರ್ ತೆಗೆಸುವ ಹುಚ್ಚು ಹುಡುಗರಿಗಿದೆ. ಆ ಡಬ್ಬಿಯೊಳಗಿನ ಜೇನುಗೂಡಿನಂಥ ಕಣ್ಣುಗಳಲ್ಲೇ ವಿಷಾನಿಲ ಇನ್ನಷ್ಟು ಉರಿದು ಶುದ್ಧವಾಗುವುದು. ಅದನ್ನು ತೆಗೆದವನು ಪಾಸಾಗುವ ಆಸೆಯನ್ನೂ ಬಿಡಬೇಕು.

ನಿನ್ನ ಅಣ್ಣನದು ಡೀಸೆಲ್ ಗಾಡಿ. ಅವನಿಗೂ ಹೇಳು: ಕಪ್ಪು ಹೊಗೆ ಬಂದರೆ ‘ಡೀಸೆಲ್ ಅಂದಮೇಲೆ ಹೊಗೆ ಇದ್ದದ್ದೇ’ ಎಂದು ಸುಮ್ಮನಿರಬಾರದು. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ ನೋಡಬೇಕು. ಹೊಗೆ ನಿಲ್ಲದಿದ್ದರೆ ಇಂಜೆಕ್ಟರುಗಳನ್ನು ಬೆಂಚಿನ ಮೇಲೆ ಕಟ್ಟಿ ಸ್ಪ್ರೇ ನೋಡಿಸಬೇಕು. ಎಕ್ಸಲರೇಟರ್ ಪೂರ್ತಿ ಒತ್ತಿ ಪರೀಕ್ಷಿಸುವುದರಿಂದ ಟೈಮಿಂಗ್ ಬೆಲ್ಟ್ ಹಳೆಯದಾಗಿದ್ದರೆ ಅದನ್ನು ಮೊದಲೇ ಬದಲಿಸಿರಬೇಕು. ಬಿಎಸ್-6 ಡೀಸೆಲ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಬರೀ ಬಜಾರು, ಬಸ್‌ಸ್ಟ್ಯಾಂಡು, ಮನೆ ಎಂದು ಸುತ್ತುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಏಕೆಂದರೆ ಒಳಗಿನ ಮಸಿ ಸುಟ್ಟುಹೋಗುವಷ್ಟು ಕಾವು ಏರುವುದೇ ಇಲ್ಲ. ಆಗಾಗ ವಿಜಯಪುರದ ಹೈವೇ ಹಿಡಿದು ಆ ಸುಮಾರು 60 ಕಿಲೋಮೀಟರನ್ನು ಒಂದೇ ಓಟದಲ್ಲಿ ಓಡಿಸಿದರೆ ಅದು ತಾನೇ ಶುದ್ಧಿಯಾಗುತ್ತದೆ. ಡೆಫ್ ಎಂಬ ಯೂರಿಯಾ ದ್ರಾವಣ ಬೇಡುವ ಗಾಡಿಯಾಗಿದ್ದರೆ ಅದರಲ್ಲಿ ನೀರು ಬೆರೆಸಬಾರದು.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಇಂಡಿ, ಸಿಂದಗಿಯ ಹೊಲಗಳಲ್ಲಿ ನಾವು ಬೆಳೆಯುವ ಕಬ್ಬೂ ಈ ಎಥನಾಲಿಗೆ ಒಂದು ಮೂಲ. ಅದರಲ್ಲಿ ಆಮ್ಲಜನಕ ಇರುವುದರಿಂದ ಮೊನಾಕ್ಸೈಡ್ ಕಡಿಮೆಯಾಗುತ್ತದೆ. ಆದರೆ ಹಳೆಯ ಗಾಡಿಗಳ ರಬ್ಬರ್ ಪೈಪು, ಸೀಲುಗಳು ಅದಕ್ಕಾಗಿ ಮಾಡಿದವಲ್ಲ. ಪೈಪು ಮೆತ್ತಗಾಗಿದೆಯೇ, ಬಿರುಕು ಬಿಟ್ಟಿದೆಯೇ ಕೈಯಿಂದ ಮುಟ್ಟಿ ನೋಡುತ್ತಿರು. ಎಥನಾಲ್ ತೇವ ಹೀರಿಕೊಳ್ಳುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಬೇಡ. ಇನ್ನು ಅಡುಗೆ ಸಿಲಿಂಡರಿನಿಂದ ಗಾಡಿಗೆ ಗ್ಯಾಸ್ ತುಂಬಿಸುವ ಕೆಲಸಕ್ಕೆ ಎಂದೂ ಕೈ ಹಾಕಬೇಡ. ಕಿಟ್ ಹಾಕಿಸುವುದಾದರೆ ಮಂಜೂರಾದದ್ದನ್ನೇ ಹಾಕಿಸಿ ಆರ್‌ಸಿಯಲ್ಲಿ ಬರೆಸು. ಇಲ್ಲವಾದರೆ ಅದು ಮನೆಮಂದಿಯನ್ನು ಕೂರಿಸಿಕೊಂಡು ಓಡಿಸುವ ಬಾಂಬು.

ತಪಾಸಣೆಯ ದಿನ ತಣ್ಣನೆಯ ಗಾಡಿ ತೆಗೆದುಕೊಂಡು ಹೋಗಬೇಡ. ಕೇಂದ್ರ ಮನೆಯ ಮಗ್ಗುಲಲ್ಲೇ ಇದ್ದರೂ ಮೊದಲು ಹೊರವಲಯದ ರಸ್ತೆಯಲ್ಲಿ ಒಂದು ಇಪ್ಪತ್ತು ನಿಮಿಷ ಓಡಿಸಿ ಬಾ. ಕೆಟಲಿಟಿಕ್ ಕನ್ವರ್ಟರ್ 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾವೇರಿದ ಮೇಲಷ್ಟೇ ಕೆಲಸಕ್ಕೆ ಇಳಿಯುತ್ತದೆ. ಸರದಿ ಉದ್ದವಿದ್ದರೆ ನಿನ್ನ ಪಾಳಿಗೆ ಸ್ವಲ್ಪ ಮುಂಚೆ ಮತ್ತೆ ಚಾಲೂ ಮಾಡಿ ಬಿಸಿ ಮಾಡಿಕೊ. ಎಸಿ ಬಂದ್ ಮಾಡು, ದೀಪ ಆರಿಸು, ಗಾಡಿ ನ್ಯೂಟ್ರಲ್‌ನಲ್ಲಿರಲಿ. ಕೊಳವೆ ಸೈಲೆನ್ಸರಿನೊಳಗೆ ಚೆನ್ನಾಗಿ ಇಳಿದಿದೆಯೇ ನಿಂತು ನೋಡು. ಬಾಯಿಯ ಹತ್ತಿರ ಸುಮ್ಮನೆ ಇಟ್ಟರೆ ಹೊರಗಿನ ಗಾಳಿ ಬೆರೆತು ಬಂದ ಅಂಕಿ ನಿನ್ನ ಗಾಡಿಯದಾಗಿರುವುದಿಲ್ಲ. ನಯವಾಗಿ ಕೇಳು: ‘ಅಣ್ಣಾರ, ಇನ್ನೂ ಸ್ವಲ್ಪ ಒಳಗ ಹಾಕ್ರಿ.’ ಕೇಳುವುದು ನಿನ್ನ ಹಕ್ಕು.

ಫೇಲಾದರೆ ಎದೆಗುಂದಬೇಡ. 2021ರ ನಿಯಮದಂತೆ ಮಿತಿ ಮೀರಿದ ಗಾಡಿಗೆ ತಿರಸ್ಕಾರದ ಚೀಟಿ ಕೊಡುತ್ತಾರೆ. ಅದನ್ನು ಹರಿದು ಎಸೆಯದೆ ಮೇಸ್ತ್ರಿಯ ಕೈಗೆ ಕೊಡು. ಯಾವ ಅಂಕಿ ಏರಿದೆಯೋ ಅದೇ ಅವನಿಗೆ ದಾರಿ ತೋರಿಸುತ್ತದೆ, ಬೇಡದ ಸಾಮಾನು ಬದಲಿಸುವ ಖರ್ಚು ಉಳಿಯುತ್ತದೆ. ರಿಪೇರಿಯಾದ ಮೇಲೆ ಮತ್ತೆ ಹೋಗು. ಹೊಗೆ ಹೆಚ್ಚಿದೆ ಎಂದು ಅನುಮಾನ ಬಂದರೆ ಸರ್ಟಿಫಿಕೇಟ್ ಇದ್ದ ಗಾಡಿಯನ್ನೂ ಅಧಿಕಾರಿಗಳು ತಪಾಸಣೆಗೆ ಕಳಿಸಬಹುದು. ಕೇಳಿದಾಗ ತೋರಿಸದಿದ್ದರೆ ಆರ್‌ಸಿ ಅಮಾನತು ಮಾಡುವ ಅಧಿಕಾರವೂ ಇದೆ.

ಈಗ ಅಡ್ಡದಾರಿಯ ಮಾತು. ಗಾಡಿ ಹೋಗದೆಯೇ ಕಾಗದ ತರಿಸಿ ಕೊಡುತ್ತೇವೆ ಎನ್ನುವವರು ನಿನಗೂ ಸಿಗುತ್ತಾರೆ. ಇದು ನಮ್ಮ ಊರೊಂದರ ರೋಗವಲ್ಲ. 2025ರಲ್ಲಿ ದೆಹಲಿ ವಿಧಾನಸಭೆಯ ಮುಂದೆ ಬಂದ ಸಿಎಜಿ ವರದಿಯಲ್ಲಿ, ಮಿತಿ ಮೀರಿ ಹೊಗೆ ಬಿಟ್ಟ ಗಾಡಿಗಳಿಗೂ ಸರ್ಟಿಫಿಕೇಟ್ ಸಿಕ್ಕದ್ದು ದಾಖಲಾಗಿದೆ. ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ಶುದ್ಧವಿರುವಂತೆ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಡೀಸೆಲ್ ಕಾರುಗಳಲ್ಲಿ ಸಾಫ್ಟ್‌ವೇರ್ ಇಟ್ಟಿದ್ದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಜಗತ್ತಿನಲ್ಲಿ ಅಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ ಇದ್ದವು. ರಸ್ತೆಯ ಮೇಲೆ ಓಡುವಾಗ ಹೊಗೆ ಅಳೆದು ಅದರ ಸುಳಿವು ಹಿಡಿದವರು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು. ಸಾವಿರಾರು ಎಂಜಿನಿಯರುಗಳಿದ್ದ ಕಂಪನಿಗೇ ಹೊಗೆಯನ್ನು ಬಹಳ ದಿನ ಬಚ್ಚಿಡಲು ಆಗಲಿಲ್ಲ.

ತಮ್ಮಾ, ಸುಳ್ಳು ಕಾಗದ ಪೊಲೀಸರನ್ನು ದಾಟಿಸೀತು, ಉಸಿರಾಡುವವರ ಎದೆಯನ್ನು ದಾಟಿಸಲಾರದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂದೂ ಎಂಜಿನ್ ಚಾಲೂ ಇಟ್ಟು ನಿಲ್ಲಬೇಡ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಉರಿಯದೆ ಹೊರಬಂದ ಹೈಡ್ರೋಕಾರ್ಬನ್ ಸಾರಜನಕದ ಆಕ್ಸೈಡುಗಳ ಜೊತೆ ಬಿಸಿಲಿಗೆ ಸಿಕ್ಕು ಓಜೋನ್ ಆಗುತ್ತದೆ ಎಂಬುದನ್ನು ಲಾಸ್ ಏಂಜಲಿಸ್ ನಗರದ ಹೊಗೆಮಂಜಿನಲ್ಲಿ ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ 1950ರ ದಶಕದಲ್ಲಿ ಕಂಡುಹಿಡಿದ. ನೆಲದ ಹತ್ತಿರದ ಆ ಓಜೋನ್ ಮನುಷ್ಯರ ಶ್ವಾಸಕೋಶಕ್ಕೂ ಕೆಟ್ಟದ್ದು, ಹೊಲದ ಬೆಳೆಗೂ ಕೆಟ್ಟದ್ದು. ಬಿಸಿಲಿಗೆ ನಮ್ಮಲ್ಲಿ ಕೊರತೆಯಿಲ್ಲ, ಹೊಗೆಯನ್ನು ನಾವು ಕೂಡಿಸಬಾರದು. ಗಾಳಿ ಕೆಡುವುದು ಬೆಂಗಳೂರಿನವರ ತಾಪತ್ರಯ ಎಂದುಕೊಳ್ಳಬೇಡ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಶುದ್ಧ ಗಾಳಿ ಯೋಜನೆಯ ಪಟ್ಟಿಯಲ್ಲಿ ನಮ್ಮ ನೆರೆಯ ಕಲಬುರಗಿಯ ಹೆಸರಿದೆ.

ನಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಕ್ರೂಸರುಗಳು ಚಾಲೂ ಇಟ್ಟುಕೊಂಡೇ ಮಂದಿಯನ್ನು ಕೂಗುತ್ತವೆ. ಅವುಗಳ ಸೈಲೆನ್ಸರಿನ ಹೊಗೆ ಶಾಲೆಗೆ ಹೊರಟ ಮಕ್ಕಳ ಮುಖಕ್ಕೇ ಬರುತ್ತದೆ. ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ದಿನವಿಡೀ ಅದೇ ಗಾಳಿ ಕುಡಿಯುತ್ತಾರೆ. ಅವರ ಕೈಯಲ್ಲಿ ಯಾವ ಮಷೀನೂ ಇಲ್ಲ, ಯಾರನ್ನೂ ತಡೆದು ಕಾಗದ ಕೇಳುವ ಅಧಿಕಾರವೂ ಇಲ್ಲ. ಅವರ ಪರವಾಗಿ ನಿನ್ನ ಗಾಡಿಯನ್ನು ತಪಾಸಣೆ ಮಾಡುವವನು ನೀನೇ. ಅದಕ್ಕೇ ಹೇಳುತ್ತೇನೆ: ಈ ರವಿವಾರ ಬಿಡುವು ಮಾಡಿಕೊಂಡು ಏರ್ ಫಿಲ್ಟರ್ ತೆಗೆ, ಪ್ಲಗ್ ನೋಡು, ಟೆಂಪರೇಚರ್ ಮುಳ್ಳು ಗಮನಿಸು, ತಂಗಿಗೂ ಇವನ್ನೆಲ್ಲ ಕಲಿಸು. ಸೋಮವಾರ ಮೇಸ್ತ್ರಿಗೆ ತೋರಿಸು. ವಾರ ತುಂಬುವುದರೊಳಗೆ ಗಾಡಿ ತೆಗೆದುಕೊಂಡು ನೀನೇ ಕೇಂದ್ರಕ್ಕೆ ಹೋಗು, ಬಂದ ಅಂಕಿಯನ್ನು ಓದಿ ಬರೆದಿಟ್ಟುಕೊ. ಮುಂದಿನ ಸಲ ಅದಕ್ಕಿಂತ ಕಡಿಮೆ ಬರುವಂತೆ ಗಾಡಿ ನೋಡಿಕೊ.